ಆವಿಗೆಯ ಉರಿಗೆ ಮನೆಯನ್ನೇ ಒಡ್ಡಿದ ಪಾಲಿಸ್ಸಿ

ಆರು ಹಗಲು, ಆರು ಇರುಳು ಸೌದೆ ಉರಿಸಿದರೂ ಪಾತ್ರೆಗಳ ಮೇಲಿನ ಲೇಪ ಕರಗಲಿಲ್ಲ. ಮಿಶ್ರಣದ ಹದ ತಪ್ಪಿದೆಯೆಂದು ಅರಿತ ಆತ ಮತ್ತೆ ಅರೆದು, ಹೊಸ ಮಡಕೆಗಳನ್ನು ಕೊಂಡು ತಂದು, ಬಳಿದು ಬೆಂಕಿಗಿಟ್ಟ. ಅಷ್ಟರಲ್ಲಿ ಸೌದೆ ತೀರಿತು. ತೋಟದ ಚಪ್ಪರದ ಗೂಟಗಳು, ಮನೆಯ ಮೇಜುಗಳು, ಕಡೆಗೆ ನೆಲಕ್ಕೆ ಹಾಸಿದ್ದ ಹಲಗೆಗಳೂ ಆವಿಗೆಯ ಪಾಲಾದವು. ಆತನಿಗೆ ಹುಚ್ಚು ಹಿಡಿದಿದೆಯೆಂದು ಊರು ನಕ್ಕಿತು. ಕಳ್ಳನಾಣ್ಯ ಮಾಡುತ್ತಿದ್ದಾನೆಂಬ ಗುಲ್ಲೂ ಹಬ್ಬಿತು. ಆತನೇ ಫ್ರಾನ್ಸಿನ ಬರ್ನಾರ್ಡ್ ಪಾಲಿಸ್ಸಿ.

1510ರ ಸುಮಾರಿಗೆ ಜನಿಸಿದ ಪಾಲಿಸ್ಸಿ ವೃತ್ತಿಯಿಂದ ಗಾಜಿನ ಮೇಲೆ ಚಿತ್ರ ಬರೆಯುವವನು. ನೈರುತ್ಯ ಫ್ರಾನ್ಸಿನ ಸ್ಯಾಂತ್ ಪಟ್ಟಣದಲ್ಲಿ ಸಂಸಾರ ಹೂಡಿದ್ದ. ಮೆರುಗು ಲೇಪದ ಸುಂದರವಾದ ಮಣ್ಣಿನ ಬಟ್ಟಲೊಂದನ್ನು ಕಂಡದ್ದೇ ಆತನ ಬದುಕಿನ ದಿಕ್ಕನ್ನು ಬದಲಿಸಿತು. ಮಣ್ಣಿನ ಕೆಲಸ ಗೊತ್ತಿರಲಿಲ್ಲ, ಕಲಿಸುವ ಗುರುವೂ ಇರಲಿಲ್ಲ. ಕೈಗೆ ಸಿಕ್ಕಿದ ಖನಿಜಗಳನ್ನು ಅರೆದು ಮಡಕೆಯ ಚೂರುಗಳಿಗೆ ಬಳಿದು, ಯಾವುದಕ್ಕೆ ಏನು ಬಳಿದೆನೆಂದು ಬರೆದಿಟ್ಟು ಸುಡತೊಡಗಿದ.

ಕುಂಬಾರರ ಆವಿಗೆಯ ಶಾಖ ಸಾಲಲಿಲ್ಲ. ನಡುವೆ ಸರಕಾರದ ಪರವಾಗಿ ಉಪ್ಪಿನ ಗದ್ದೆಗಳ ನಕ್ಷೆ ಬರೆದು ನಾಲ್ಕು ಕಾಸು ಗಳಿಸಿ, ಮತ್ತೆ ಪ್ರಯೋಗಕ್ಕಿಳಿದ. ಈ ಬಾರಿ ಚೂರುಗಳನ್ನು ಗಾಜಿನ ಕುಲುಮೆಗೆ ಒಯ್ದ. ಮುನ್ನೂರಕ್ಕೂ ಮಿಕ್ಕ ಬಗೆಯ ಮಿಶ್ರಣಗಳಲ್ಲಿ ಒಂದೇ ಒಂದು ಚೂರು ನಾಲ್ಕು ಗಂಟೆಯಲ್ಲಿ ಕರಗಿ, ಹಾಲಿನಂತೆ ಬೆಳ್ಳಗೆ ಹೊಳೆಯಿತು. ಆ ಹುರುಪಿನಲ್ಲಿ ಇಟ್ಟಿಗೆಗಳನ್ನು ತಾನೇ ಬೆನ್ನ ಮೇಲೆ ಹೊತ್ತು ಸ್ವಂತ ಆವಿಗೆ ಕಟ್ಟಿದ. ಮನೆಯ ಹಲಗೆ ಸುಟ್ಟದ್ದು ಇದೇ ಆವಿಗೆಯಲ್ಲಿ.

ಚೂರಿನ ಮೇಲೆ ಗೆದ್ದ ಲೇಪ ಪಾತ್ರೆಯ ಮೇಲೆ ಸೋಲುವುದು ಈ ವಿದ್ಯೆಯ ಸ್ವಭಾವ. ಸೀಸ ಮತ್ತು ಕ್ಷಾರಗಳು ಮರಳನ್ನು ಕರಗಿಸುತ್ತವೆ. ತವರದ ಭಸ್ಮ ಕರಗದೆ ಉಳಿದು ಬಿಳುಪು ಕೊಡುತ್ತದೆ. ಕರಗಿಸುವ ವಸ್ತು ಕಡಿಮೆಯಾದರೆ ಎಷ್ಟು ಉರಿಸಿದರೂ ಫಲವಿಲ್ಲ. ಮುಂದೊಮ್ಮೆ ಆವಿಗೆಯ ಗಾರೆಯಲ್ಲಿದ್ದ ಕಲ್ಲುಗಳು ಶಾಖಕ್ಕೆ ಸಿಡಿದು, ಕರಗಿದ ಲೇಪಕ್ಕೆ ಅಂಟಿಕೊಂಡವು. ಸಾಲಗಾರರು ಬಾಗಿಲಲ್ಲಿದ್ದರೂ ಅಗ್ಗದ ಬೆಲೆಗೆ ಕೊಟ್ಟು ಹೆಸರು ಕೆಡಿಸಿಕೊಳ್ಳಲೊಪ್ಪದೆ ಆತ ಎಲ್ಲವನ್ನೂ ಒಡೆದುಹಾಕಿದ. ಬಣ್ಣಗಳದು ಇನ್ನೊಂದು ಕಾಟ: ಹಾವಿನ ಬಣ್ಣ ಕರಗುವ ಮೊದಲೇ ಹಲ್ಲಿಯ ಹಸಿರು ಸುಟ್ಟುಹೋಗುತ್ತಿತ್ತು. ಎಲ್ಲ ಬಣ್ಣಗಳೂ ಒಂದೇ ಉರಿಗೆ ಕರಗುವಂತೆ ಹದಗೊಳಿಸುವಷ್ಟರಲ್ಲಿ ಸುಮಾರು ಹದಿನಾರು ವರ್ಷಗಳು ಸಂದಿದ್ದವು. ಅಷ್ಟು ಕಾಲವೂ ಹೆಂಡತಿ ಮಕ್ಕಳು ಬಡತನ ಉಂಡರು.

ಕೊನೆಗೆ ಹಾವು, ಕಪ್ಪೆ, ಮೀನು, ಚಿಪ್ಪುಗಳ ಉಬ್ಬುರೂಪಗಳುಳ್ಳ ಆತನ ತಟ್ಟೆಗಳು ಶ್ರೀಮಂತರ ಮನಗೆದ್ದವು. ರಾಜಮಾತೆ ಕ್ಯಾಥರೀನ್ ದ ಮೆಡಿಸಿ ಆಶ್ರಯವಿತ್ತಳು. ಪ್ಯಾರಿಸ್ಸಿನಲ್ಲಿ ಉಪನ್ಯಾಸಗಳನ್ನೂ ನೀಡಿದ. ಆದರೆ ಪ್ರೊಟೆಸ್ಟೆಂಟ್ ನಂಬಿಕೆಯನ್ನು ಬಿಡದ ಕಾರಣ ಮುಪ್ಪಿನಲ್ಲಿ ಸೆರೆಸಿಕ್ಕಿ, 1590ರ ಸುಮಾರಿಗೆ ಬಾಸ್ಟೀಲ್ ಕಾರಾಗೃಹದಲ್ಲೇ ಕಣ್ಣುಮುಚ್ಚಿದ.

1580ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪಾಲಿಸ್ಸಿ ತವರ, ಸೀಸ, ಕಬ್ಬಿಣ, ಆಂಟಿಮನಿ, ತಾಮ್ರ, ಮರಳು ಎಂದು ಸಾಮಗ್ರಿಗಳನ್ನು ಹೆಸರಿಸಿದ. ಅಳತೆಯನ್ನು ಮಾತ್ರ ಹೇಳಲಿಲ್ಲ. ಕಲಿಯುವವನು ಅದನ್ನು ತನ್ನ ಸೋಲುಗಳಿಂದಲೇ ಅರಿಯಬೇಕೆಂಬುದು ಆತನ ನಿಲುವು. ಮೇಜು, ಹಲಗೆಗಳನ್ನು ಸುಟ್ಟು ಪಡೆದ ಪಾಠವದು.