ಪರವಾನಗಿ ಕಾಲದ ಸಂಪಾದಕ ಡಿ.ವಿ.ಜಿ.

ಡಿ.ವಿ.ಜಿ. ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಮಂಕುತಿಮ್ಮನ ಕಗ್ಗ. ಮದುವೆಯ ಆಮಂತ್ರಣ ಪತ್ರಿಕೆಯಿಂದ ಹಿಡಿದು ಅಧಿಕಾರಿಗಳ ಬೀಳ್ಕೊಡುಗೆ ಭಾಷಣದವರೆಗೆ ಅದರ ಪದ್ಯಗಳು ಸಂಚರಿಸುತ್ತವೆ. ಕಗ್ಗ ಪ್ರಕಟವಾದದ್ದು 1943ರಲ್ಲಿ, ಕವಿಯ ಐವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೆ ಮೂರೂವರೆ ದಶಕಗಳ ಮೊದಲೇ ಅವರು ಪತ್ರಕರ್ತರಾಗಿದ್ದರು. ಅದೂ ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯೊಂದನ್ನು ಹೊರಡಿಸಲಾಗದ ನಾಡಿನಲ್ಲಿ. ಕಗ್ಗದ ಜನಪ್ರಿಯತೆಯ ನೆರಳಿನಲ್ಲಿ ಈ ಅಧ್ಯಾಯ ಮರೆಯಾಗಿದೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಓದು ಮೆಟ್ರಿಕ್ಯುಲೇಷನ್ನಿಗೆ ನಿಂತಿತು. ಆ ಪರೀಕ್ಷೆಯಲ್ಲೂ ಅವರು ಉತ್ತೀರ್ಣರಾಗಲಿಲ್ಲ. ಕೆಲಕಾಲ ಉಪಾಧ್ಯಾಯಗಿರಿ, ಕೋಲಾರ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ ಕೆಲಸ, ಬೆಂಗಳೂರಿಗೆ ಬಂದ ಮೇಲೆ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿ ದುಡಿಮೆ. ಅಲ್ಲಿಂದ ಅವರು ಹೊರಳಿದ್ದು ಪತ್ರಿಕೆಗಳ ಕಡೆಗೆ. ಬೆಂಗಳೂರಿನ ಸೂರ್ಯೋದಯ ಪ್ರಕಾಶಿಕಾ ಪತ್ರಿಕೆ ಅವರ ಮೊದಲ ಪಾಠಶಾಲೆಗಳಲ್ಲೊಂದು. 1907ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಭಾರತಿ ಎಂಬ ಕನ್ನಡ ದಿನಪತ್ರಿಕೆಯನ್ನು ಆರಂಭಿಸಿದರು. ಅದು ಬಹುಕಾಲ ಬಾಳಲಿಲ್ಲ.

ಮರುವರ್ಷವೇ ಮೈಸೂರು ಸಂಸ್ಥಾನದ ಪತ್ರಿಕಾಲೋಕದ ಮೇಲೆ ಬರಸಿಡಿಲು ಎರಗಿತು. ಆಗ ದಿವಾನರಾಗಿದ್ದವರು ವಿ.ಪಿ. ಮಾಧವರಾವ್. ಪ್ರಜಾಪ್ರತಿನಿಧಿ ಸಭೆಯಲ್ಲಿ ಕೇಳಿಬರುತ್ತಿದ್ದ ಟೀಕೆಗಳನ್ನು ಪತ್ರಿಕೆಗಳು ಬೆಳೆಸಿ ಬರೆಯುತ್ತಿದ್ದವು. ಆಡಳಿತದ ಸಹನೆ ಕರಗುತ್ತಿತ್ತು. 1908ರಲ್ಲಿ ವೃತ್ತಪತ್ರಿಕೆಗಳ ನಿಬಂಧನೆ ಜಾರಿಗೆ ಬಂತು. ಸಂಸ್ಥಾನದಲ್ಲಿ ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಸರ್ಕಾರದ್ದೇ. ಪೂರ್ವದಲ್ಲಿ ಮುಳಬಾಗಿಲಿನಿಂದ ಪಶ್ಚಿಮದಲ್ಲಿ ಹೇಮಾವತಿ ಹುಟ್ಟುವ ಜಾವಳಿಯವರೆಗೆ, ಕಾಫಿ ಬೆಟ್ಟಗಳ ಮೂಡಿಗೆರೆ, ಕಳಸಗಳೂ ಸೇರಿದಂತೆ ಇಡೀ ಸಂಸ್ಥಾನಕ್ಕೆ ಅನ್ವಯಿಸಿದ ಕಾನೂನು ಅದು. ಚಿಕ್ಕಮಗಳೂರಿನ ಆ ಸೀಮೆಯನ್ನು ಅಂದು ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶ ಮಾತ್ರ ಇದರ ವ್ಯಾಪ್ತಿಗೆ ಹೊರಗಿತ್ತು. ಅಲ್ಲಿ ಬ್ರಿಟಿಷರ ಕಾನೂನು.

ಕಾಲದ ವಿಪರ್ಯಾಸವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಮುದ್ರಣಕ್ಕೆ ಪೂರ್ವಾನುಮತಿ ಬೇಕೆಂಬ ಶಾಸನ 1695ರಲ್ಲೇ ಕೊನೆಗೊಂಡಿತ್ತು. ಸ್ವೀಡನ್ 1766ರಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಶಾಸನದ ರಕ್ಷಣೆ ಕೊಟ್ಟಿತ್ತು. ಫ್ರಾನ್ಸ್ ದೇಶವು 1881ರ ಕಾಯಿದೆಯಿಂದ ಅನುಮತಿ ಮತ್ತು ಠೇವಣಿ ಎರಡನ್ನೂ ಕೈಬಿಟ್ಟಿತು. ಅದೇ 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯೂ ಹುಟ್ಟಿತು. ಭಾರತದ ದೇಶೀಯ ಸಂಸ್ಥಾನಗಳಲ್ಲೇ ಅದೊಂದು ಹೊಸ ಮೇಲ್ಪಂಕ್ತಿ. ಅಂಥ ಸಭೆಯನ್ನು ಕೊಟ್ಟ ಮಾದರಿ ಸಂಸ್ಥಾನವೇ ಇಪ್ಪತ್ತೇಳು ವರ್ಷಗಳ ಬಳಿಕ ಪತ್ರಿಕೆಗಳ ಬಾಯಿಗೆ ಬೀಗ ಹಾಕಿತು.

ಮೈಸೂರಿನ ಹಿರಿಯ ಸಂಪಾದಕ, ತಾತಯ್ಯ ಎಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿ ಪ್ರತಿಭಟಿಸಿದರು. ಅಪ್ಪಣೆ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂಬ ನಿಲುವು ಅದು. ಕೈಯಲ್ಲಿ ಪತ್ರಿಕೆಯೇ ಉಳಿದಿರದ ಗುಂಡಪ್ಪನವರಿಗೆ ಆ ಗೌರವದ ದಾರಿಯೂ ಇರಲಿಲ್ಲ. ಅವರು ಮದರಾಸಿನ ಇಂಗ್ಲಿಷ್ ಪತ್ರಿಕೆಗಳಿಗೆ ಬರೆಯುತ್ತ, ಪುಸ್ತಕ ಪ್ರಕಟಿಸುತ್ತ ದಿನ ದೂಡಿದರು. ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕ ದಿವಾನ್ ರಂಗಾಚಾರ್ಲು ಅವರ ಜೀವನಚರಿತ್ರೆಯನ್ನು ಬರೆದದ್ದು ಈ ಆರಂಭದ ವರ್ಷಗಳಲ್ಲೇ. ಆ ವಸ್ತುವಿನ ಆಯ್ಕೆ ಆಕಸ್ಮಿಕವೆಂದು ತೋರುವುದಿಲ್ಲ. ಪ್ರಜೆಗಳ ಮಾತಿಗೆ ಕಿವಿಗೊಡಬೇಕೆಂದು ಸಭೆ ಕಟ್ಟಿದ ದಿವಾನನನ್ನು, ಪ್ರಜೆಗಳ ಮಾತನ್ನು ಅಳೆದು ತೂಗಿ ಬಿಡುವ ದಿವಾನಗಿರಿಯ ಕಾಲದಲ್ಲಿ ನೆನೆಯುವುದೇ ಒಂದು ವಿಮರ್ಶೆ.

1913ರಲ್ಲಿ ಅವರು ಕರ್ನಾಟಕ ಎಂಬ ಇಂಗ್ಲಿಷ್ ಅರ್ಧವಾರ ಪತ್ರಿಕೆಯನ್ನು ಆರಂಭಿಸಿದರು. 1908ರ ನಿಬಂಧನೆ ಹೋಗಿರಲಿಲ್ಲ. ತಾತಯ್ಯನವರು ಬಿಟ್ಟ ಕೆಲಸವನ್ನು ಅದೇ ಕಾನೂನಿನ ಒಳಗೆ ಮಾಡಲು ಹೊರಟವರ ಮೇಲೆ ರಾಜಿಯ ಆರೋಪ ಬರುವುದು ಸಹಜ. ಆದರೆ ಪತ್ರಿಕೆಯ ಪುಟಗಳು ಬೇರೆಯದನ್ನೇ ಹೇಳುತ್ತವೆ. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಬ್ಯಾಂಕು, ವಿಶ್ವವಿದ್ಯಾನಿಲಯ, ಕೈಗಾರಿಕೆಗಳೆಂದು ಸಂಸ್ಥಾನ ಓಡುತ್ತಿದ್ದ ಕಾಲ. ಗುಂಡಪ್ಪನವರಿಗೆ ದಿವಾನರಲ್ಲಿ ಗೌರವ, ಮುಂದೆ ಆಜೀವ ಸ್ನೇಹ. ಹಾಗಿದ್ದೂ ಖರ್ಚಿನ ಲೆಕ್ಕ, ಸಭೆಯ ಹಕ್ಕು, ಅಧಿಕಾರಿಗಳ ಹೊಣೆಗಾರಿಕೆಯ ಪ್ರಶ್ನೆ ಬಂದಾಗ ಅವರ ಲೇಖನಿ ಸ್ನೇಹವನ್ನು ಬದಿಗಿಟ್ಟಿತು. ಕಟುಮಾತಿಲ್ಲದೆ, ಅಂಕಿಅಂಶ ಮತ್ತು ಶಾಸನದ ಆಧಾರವಿಟ್ಟು ಪ್ರಶ್ನಿಸುವುದು ಅವರ ವಿಧಾನ. ಬರ್ಕ್, ಮಿಲ್, ಮಾರ್ಲೆಯವರ ಓದು, ಗೋಖಲೆಯವರ ಆದರ್ಶ ಅದರ ಹಿಂದಿದ್ದವು.

ಇಂಥ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಮನೆಯ ಒಲೆಯ ಮೇಲೆ ಕಾಣುತ್ತದೆ. ಪತ್ರಿಕೆಯ ಆದಾಯ ಸಾಲದು. ಸರ್ಕಾರದ ಕೃಪೆ ಬೇಡ. ಉಡಲು ಯೋಗ್ಯವಾದ ಸೀರೆಯಿಲ್ಲವೆಂದು ಅವರ ಪತ್ನಿ ಭಾಗೀರಥಮ್ಮನವರು ನೆಂಟರ ಮನೆಯ ಶುಭಕಾರ್ಯಕ್ಕೆ ಹೋಗದೆ ಉಳಿದ ಪ್ರಸಂಗ ಇಂದಿಗೂ ಜನಜನಿತ. ಸರ್ಕಾರದ ಕೆಲಸಗಳಿಗೆ ಸಂಭಾವನೆಯಾಗಿ ಬಂದ ಚೆಕ್ಕುಗಳು ನಗದಾಗದೆ ಮನೆಯಲ್ಲೇ ಉಳಿದಿದ್ದವೆಂದೂ ಅವರನ್ನು ಬಲ್ಲವರು ಹೇಳುತ್ತಿದ್ದರು. ಸರ್ಕಾರದ ದುಡ್ಡಿಗೆ ಕೈಯೊಡ್ಡಿದ ಸಂಪಾದಕನ ಪಾಲಿಗೆ ಪೂರ್ವಾನುಮತಿಯ ಕಾನೂನೇ ಅನಾವಶ್ಯಕ ಎಂಬುದನ್ನು ಅವರು ಅರಿತಿದ್ದರು. ಎಂಟು ವರ್ಷ ನಡೆದ ಕರ್ನಾಟಕ 1921ರಲ್ಲಿ ನಿಂತಿತು.

ದೇಶೀಯ ಸಂಸ್ಥಾನಗಳ ಪ್ರಜೆಗಳ ಸ್ಥಿತಿಯನ್ನು ಗುಂಡಪ್ಪನವರಷ್ಟು ಆಳವಾಗಿ ಅಭ್ಯಾಸ ಮಾಡಿದ ಪತ್ರಕರ್ತರು ಆಗ ವಿರಳ. ಬ್ರಿಟಿಷ್ ಇಂಡಿಯಾದ ಪ್ರಜೆ ತನ್ನ ಅಹವಾಲನ್ನು ಲಂಡನ್ನಿನ ಸಂಸತ್ತಿನವರೆಗೆ ಒಯ್ಯಬಹುದಿತ್ತು. ಸಂಸ್ಥಾನದ ಪ್ರಜೆಗೆ ಆ ಬಾಗಿಲೂ ಮುಚ್ಚಿತ್ತು. ಮೇಲೆ ರಾಜ, ರಾಜನ ಮೇಲೆ ರೆಸಿಡೆಂಟ್. 1922ರಲ್ಲಿ ಭಾರತ ಸರ್ಕಾರ 1910ರ ಪತ್ರಿಕಾ ಕಾಯಿದೆಯನ್ನು ರದ್ದುಮಾಡಿತು. ಅದೇ ವರ್ಷ ರಾಜಮಹಾರಾಜರನ್ನು ಪತ್ರಿಕೆಗಳ ಟೀಕೆಯಿಂದ ರಕ್ಷಿಸುವ ಮಸೂದೆಯೂ ಬಂತು. ಕೇಂದ್ರ ಶಾಸನಸಭೆ ಅದರ ಮಂಡನೆಗೇ ಅವಕಾಶ ನಿರಾಕರಿಸಿದಾಗ ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರವನ್ನು ಬಳಸಿ ಅದನ್ನು ಕಾಯಿದೆಯಾಗಿಸಿದರು. ಒಳಗೆ ಬರೆಯಲು ಸಂಸ್ಥಾನದ ಅಡ್ಡಿ, ಹೊರಗಿನಿಂದ ಬರೆಯಲು ಸಾಮ್ರಾಜ್ಯದ ಅಡ್ಡಿ. ಭಾರತದ ಭಾವಿ ಸಂವಿಧಾನದಲ್ಲಿ ಸಂಸ್ಥಾನಗಳಿಗೂ ಅವುಗಳ ಜನರಿಗೂ ಯಾವ ಸ್ಥಾನವೆಂಬುದನ್ನು ವಿಚಾರಿಸಿ ಅವರು 1931ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ರಾಜರ ಹಕ್ಕಿನ ಮಾತು ಎಲ್ಲೆಡೆ ಕೇಳುತ್ತಿದ್ದಾಗ ಜನರ ಹಕ್ಕನ್ನು ಅದರ ಪಕ್ಕದಲ್ಲೇ ಇಟ್ಟದ್ದು ಅದರ ಹೆಗ್ಗಳಿಕೆ.

1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಕರ್ನಾಟಕ ಪತ್ರಕರ್ತರ ಮೊದಲ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ವೃತ್ತಪತ್ರಿಕೆ ಎಂಬ ಅವರ ಪುಸ್ತಕ ಬಂದದ್ದೂ ಆ ಕಾಲದಲ್ಲೇ. 1926ರಿಂದ 1940ರವರೆಗೆ ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯತ್ವ, 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು.

ಅವರ ಮಿತಿಯನ್ನೂ ಹೇಳಬೇಕು. ಮೂವತ್ತರ ದಶಕದಲ್ಲಿ ಸಂಸ್ಥಾನದ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರದ ಕೂಗು ಎದ್ದಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಅರ್ಜಿ, ಚರ್ಚೆ, ತಿದ್ದುಪಡಿಗಳ ದಾರಿಯಲ್ಲೇ ನಂಬಿಕೆಯಿಟ್ಟಿದ್ದ ಗುಂಡಪ್ಪನವರು ಚಳವಳಿಗೆ ಇಳಿದವರಲ್ಲ. ಸೆರೆಮನೆ ಸೇರಿದ ತರುಣರಿಗೆ ಅವರ ನಿಧಾನ ಹಿಡಿಸದಿದ್ದರೆ ಆಶ್ಚರ್ಯವಿಲ್ಲ. ನಾಡಿಗೆ ಕೊನೆಗೆ ಜವಾಬ್ದಾರಿ ಸರ್ಕಾರ ದಕ್ಕಿದ್ದು 1947ರ ಚಳವಳಿಯಿಂದ.

ಆದರೆ ಸ್ವರಾಜ್ಯ ಬಂದ ಮೇಲೆ ಪ್ರಜೆಯ ಕೆಲಸ ಮುಗಿಯಿತೆಂದು ನಂಬದವರಲ್ಲಿ ಅವರೂ ಒಬ್ಬರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಅದರ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಶಾಸನ, ಚುನಾವಣೆ, ಆಡಳಿತಗಳ ಕುರಿತು ಮುಪ್ಪಿನವರೆಗೂ ಬರೆದರು. 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯೇ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿತ್ತು; ಪರವಾನಗಿಯ ಕಾಲ ಕಂಡವರಿಗೆ ಅದರ ಅರ್ಥ ತಿಳಿಯದೆ ಇರುತ್ತಿರಲಿಲ್ಲ. 1970ರಲ್ಲಿ ನಾಗರಿಕರು ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ ಅದನ್ನು ಇಡಿಯಾಗಿ ಸಂಸ್ಥೆಗೆ ಕೊಟ್ಟರು. 1974ರಲ್ಲಿ ಪದ್ಮಭೂಷಣ ಬಂತು.

ಮರುವರ್ಷ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಪೂರ್ವ ಪರಿಶೀಲನೆಯ ಆಜ್ಞೆ ಬಿತ್ತು. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಮರುದಿನವೇ ಬಂಧಿಸಿ ಇಲ್ಲಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಅಚ್ಚಾಗುವ ಮೊದಲೇ ಸುದ್ದಿಯನ್ನು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯುವ ಪದ್ಧತಿ, 1908ರ ಬೆಂಗಳೂರನ್ನು ಕಂಡಿದ್ದ ಎಂಬತ್ತೆಂಟರ ವೃದ್ಧ ಸಂಪಾದಕನ ಊರಿಗೆ ಮರಳಿ ಬಂದಿತ್ತು. ಈ ಬಾರಿ ಆಜ್ಞೆ ಹೊರಡಿಸಿದ್ದು ಜನರೇ ಆರಿಸಿದ ಸರ್ಕಾರ.

1975ರ ಅಕ್ಟೋಬರ್ 7ರಂದು ಡಿ.ವಿ.ಜಿ. ತೀರಿಕೊಂಡರು. ಅವರ ನಿಧನದ ವಾರ್ತೆ ಅಚ್ಚಾದ ದಿನವೂ ನಾಡಿನ ಪತ್ರಿಕೆಗಳು ಪರಿಶೀಲನಾಧಿಕಾರಿಯ ಕಣ್ಗಾವಲಿನಲ್ಲೇ ಇದ್ದವು. ತುರ್ತುಪರಿಸ್ಥಿತಿ ತೆರವಾಗಲು ಇನ್ನೂ ಹದಿನೇಳು ತಿಂಗಳು ಬಾಕಿಯಿತ್ತು.