ಜಾನ್ ಲಬಕ್

ಸರ್ ಜಾನ್ ಲಬಕ್ (30 ಏಪ್ರಿಲ್ 1834 – 28 ಮೇ 1913) ಇಂಗ್ಲೆಂಡಿನ ಬ್ಯಾಂಕ್ ಒಡೆಯ, ಸಂಸತ್ ಸದಸ್ಯ, ಪುರಾತತ್ತ್ವಜ್ಞ ಹಾಗೂ ಕೀಟವಿಜ್ಞಾನಿ. ಸೆರೆಹಿಡಿದ ರಾಣಿ ಇರುವೆಗಳನ್ನು ಚಳಿಗಾಲ ದಾಟಿಸಿ ವರ್ಷಗಟ್ಟಲೆ ಸಾಕಿ, ಅವುಗಳ ಬದುಕನ್ನು ದಿನಾಂಕಸಹಿತ ದಾಖಲಿಸಿದ ಮೊದಲಿಗರಲ್ಲಿ ಈತನೂ ಒಬ್ಬ.

ಜೀವನ

ಹುಟ್ಟಿದ್ದು ಲಂಡನ್ನಿನಲ್ಲಿ. ತಂದೆ ಬ್ಯಾಂಕ್ ವ್ಯವಹಾರದ ಜೊತೆಗೆ ಗಣಿತ ಹಾಗೂ ಖಗೋಳವಿಜ್ಞಾನಗಳಲ್ಲಿ ಪರಿಶ್ರಮವಿದ್ದವನು. 1840ರಲ್ಲಿ ಕುಟುಂಬ ಕೆಂಟ್ ಪ್ರಾಂತ್ಯದ ಹೈ ಎಲ್ಮ್ಸ್ ಎಂಬಲ್ಲಿಗೆ ಬಂದು ನೆಲಸಿತು. ಎರಡು ವರ್ಷಗಳ ಬಳಿಕ ಸಮೀಪದ ಡೌನ್ ಗ್ರಾಮಕ್ಕೆ ಚಾರ್ಲ್ಸ್ ಡಾರ್ವಿನ್ ವಾಸಕ್ಕೆ ಬಂದ. ಈಟನ್ ಶಾಲೆಯನ್ನು ಬೇಗನೆ ಬಿಟ್ಟು ಹದಿಹರೆಯದಲ್ಲೇ ಮನೆತನದ ಬ್ಯಾಂಕನ್ನು ಸೇರಬೇಕಾದ ಲಬಕನಿಗೆ ವಿಶ್ವವಿದ್ಯಾನಿಲಯದ ಶಿಕ್ಷಣ ದೊರೆಯಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಡಾರ್ವಿನ್ನನ ಸಹವಾಸ.

1865ರಲ್ಲಿ ಪ್ರಕಟವಾದ ಪ್ರಾಗೈತಿಹಾಸಿಕ ಕಾಲವನ್ನು ಕುರಿತ ಗ್ರಂಥದಲ್ಲಿ ಈತ ಶಿಲಾಯುಗವನ್ನು ಎರಡಾಗಿ ವಿಭಜಿಸಿದ. ನಮ್ಮ ಪಠ್ಯಪುಸ್ತಕಗಳ ಹಳೆಯ ಶಿಲಾಯುಗ, ನವಶಿಲಾಯುಗ ಎಂಬ ಹೆಸರುಗಳಿಗೆ ಮೂಲ ಅದೇ. 1870ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ, ಮರುವರ್ಷ ಬ್ಯಾಂಕ್ ರಜಾದಿನಗಳ ಕಾಯಿದೆಯನ್ನೂ 1882ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆಯನ್ನೂ ತರಲು ಶ್ರಮಿಸಿದ.

ರಾಣಿ ಇರುವೆಗಳ ಅಧ್ಯಯನ

ಇರುವೆಗಳನ್ನು ಅಭ್ಯಸಿಸಬೇಕಾದರೆ ಅದುವರೆಗೆ ಗೂಡನ್ನು ಅಗೆಯುವುದೇ ರೂಢಿಯಾಗಿತ್ತು. ಅಗೆದೊಡನೆ ಗೂಡು ಹಾಳಾಗುತ್ತಿತ್ತು. ಲಬಕ್ ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ತೇವದ ಮಣ್ಣು ತುಂಬಿ ಇರುವೆಗಳನ್ನು ಅದರೊಳಗೆ ನೆಲೆಗೊಳಿಸಿದ. ಬೆಳಕು ಅವಕ್ಕೆ ಹಿಡಿಸದಾದ್ದರಿಂದ ಗಾಜಿನ ಮೇಲೆ ಮುಚ್ಚಳವಿರುತ್ತಿತ್ತು. ತಪ್ಪಿಸಿಕೊಳ್ಳದಂತೆ ಸುತ್ತಲೂ ನೀರು. ಮುಚ್ಚಳ ತೆಗೆದರೆ ಒಂದೊಂದು ಇರುವೆಯ ಚಲನವಲನವೂ ಕಾಣುತ್ತಿತ್ತು.

ಹೊಸ ಗೂಡು ಹೇಗೆ ಆರಂಭವಾಗುತ್ತದೆ ಎಂಬುದು ಆಗ ವಿವಾದದ ವಿಷಯ. ರಾಣಿ ಒಂಟಿಯಾಗಿಯೇ ಮೊಟ್ಟೆಯಿಟ್ಟು ಮರಿಗಳನ್ನು ಬೆಳೆಸಬಲ್ಲಳೆಂದು ಕೆಲವರು ನಂಬಿದ್ದರು. ಕೆಲಸಗಾರ ಇರುವೆಗಳ ನೆರವಿಲ್ಲದೆ ಅದು ಅಸಾಧ್ಯವೆಂಬುದು ಇತರರ ವಾದ. ತೀರ್ಮಾನವಾಗಬೇಕಾದರೆ ಆಗತಾನೆ ಹಿಡಿದ ರಾಣಿಯನ್ನು ಚಳಿಗಾಲದುದ್ದಕ್ಕೂ ಜೀವಂತವಾಗಿ ಉಳಿಸಿಕೊಳ್ಳಬೇಕಿತ್ತು. ಇದು ಕೇಳಿದಷ್ಟು ಸುಲಭವಲ್ಲ. ಶೀತ ವಲಯದ ಅನೇಕ ಜಾತಿಗಳಲ್ಲಿ ಬೇಸಗೆಯ ಮಿಲನಹಾರಾಟದ ಅನಂತರ ರಾಣಿ ರೆಕ್ಕೆ ಉದುರಿಸಿ ನೆಲದೊಳಗೆ ಸೇರುತ್ತಾಳೆ. ಚಳಿ ಹೆಚ್ಚಿದಂತೆ ದೇಹದ ಕ್ರಿಯೆಗಳು ಮಂದವಾಗಿ ಶಿಶಿರನಿದ್ರೆ ಆವರಿಸುತ್ತದೆ. ಆ ತಿಂಗಳುಗಳಲ್ಲಿ ಮಣ್ಣು ಒಣಗಿದರೆ ಸಾವು ಖಚಿತ. ಬೆಚ್ಚಗಿಟ್ಟರೂ ಅಪಾಯವೇ: ನಿದ್ರೆಯಿಲ್ಲದ ರಾಣಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಬೇಗನೆ ವ್ಯಯಿಸಿಬಿಡುತ್ತಾಳೆ. ಇಂದು ಇರುವೆ ಸಾಕುವವರು ಗಾಜಿನ ನಳಿಕೆಯ ತಳದಲ್ಲಿ ನೀರು ತುಂಬಿ, ಹತ್ತಿಯಿಂದ ತಡೆದು, ರಾಣಿಯನ್ನು ತಂಪಾದ ಕತ್ತಲೆಯಲ್ಲಿಡುವುದರ ಹಿಂದೆಯೂ ಇದೇ ತಿಳಿವಳಿಕೆಯಿದೆ.

1876ರ ಆಗಸ್ಟ್‌ನಲ್ಲಿ ತನ್ನ ತೋಟದಲ್ಲಿ ಹಾರುತ್ತಿದ್ದ ಮಿರ್ಮಿಕ ರೂಜಿನೋಡಿಸ್ ಜಾತಿಯ ಎರಡು ಜೋಡಿಗಳನ್ನು ಲಬಕ್ ಹಿಡಿದು, ತೇವದ ಮಣ್ಣು, ಆಹಾರ, ನೀರುಗಳೊಡನೆ ಪ್ರತ್ಯೇಕವಾಗಿರಿಸಿದ. ಆಹಾರವಿಟ್ಟದ್ದು ಒಳ್ಳೆಯದೇ ಆಯಿತು. ಕೆಲವು ಜಾತಿಗಳ ರಾಣಿಯರು ಉಪವಾಸವಿದ್ದೇ ಮೊದಲ ಸಂತತಿಯನ್ನು ಬೆಳೆಸಿದರೂ ಈ ಕುಲದ ರಾಣಿಗೆ ತಿನಿಸು ಬೇಕು. ಚಳಿಗಾಲ ಸುಖವಾಗಿ ಕಳೆಯಿತು. ಅಲ್ಪಾಯುಗಳೆಂದು ಹೆಸರಾದ ಗಂಡಿರುವೆಗಳು ಸಹ ವಸಂತದವರೆಗೆ ಬದುಕಿದ್ದವು. ಏಪ್ರಿಲ್‌ನಲ್ಲಿ ಮೊಟ್ಟೆಗಳು ಕಾಣಿಸಿಕೊಂಡವು, ಜೂನ್ ಮೊದಲಲ್ಲಿ ಮರಿಹುಳುಗಳು ಹೊರಬಂದವು, ತಿಂಗಳ ಕೊನೆಗೆ ಅವು ಕೋಶಾವಸ್ಥೆಗೆ ತಿರುಗತೊಡಗಿದವು, ಜುಲೈನಲ್ಲಿ ಮೊದಲ ಕೆಲಸಗಾರ ಇರುವೆ ಎದ್ದಿತು. ಕನಿಷ್ಠಪಕ್ಷ ಈ ಜಾತಿಯ ಮಟ್ಟಿಗಾದರೂ ರಾಣಿಗೆ ಅನ್ಯರ ನೆರವು ಬೇಕಿಲ್ಲವೆಂಬುದು ಸಿದ್ಧವಾಯಿತು. ಎಲ್ಲ ಜಾತಿಗಳಿಗೂ ಇದನ್ನು ಅನ್ವಯಿಸದಿದ್ದುದು ಈತನ ವಿವೇಕ. ಕೆಲವು ಜಾತಿಗಳ ರಾಣಿಯರು ಪರರ ಗೂಡನ್ನು ಹೊಕ್ಕೇ ಸಂಸಾರ ಹೂಡುತ್ತಾರೆಂಬುದು ಈಗ ತಿಳಿದಿದೆ.

ಚಳಿಗಾಲಕ್ಕೆ ಸಂಬಂಧಿಸಿದ ಇನ್ನೊಂದು ಶೋಧವೂ ಸ್ವಾರಸ್ಯಕರ. ಹಳದಿ ಇರುವೆಗಳು ಅಕ್ಟೋಬರ್‌ನಲ್ಲಿ ಗಿಡಹೇನುಗಳ ಮೊಟ್ಟೆಗಳನ್ನು ಗೂಡಿನೊಳಗೆ ಒಯ್ದು, ಚಳಿಗಾಲವಿಡೀ ಜೋಪಾನಮಾಡಿ, ಮಾರ್ಚ್‌ನಲ್ಲಿ ಮರಿಗಳನ್ನು ಹೊರತಂದು ಡೇಸಿ ಗಿಡದ ಚಿಗುರುಗಳ ಮೇಲೆ ಬಿಡುವುದನ್ನು ಈತ ಕಂಡ. ಆ ಮೊಟ್ಟೆಗಳಿಂದ ಇರುವೆಗಳಿಗೆ ತತ್ಕಾಲದ ಲಾಭ ಯಾವುದೂ ಇಲ್ಲ. ಫಲ ದೊರೆಯುವುದು ಮುಂದಿನ ಬೇಸಗೆಯಲ್ಲಿ.

1874ರ ಡಿಸೆಂಬರ್‌ನಲ್ಲಿ ತಂದ ಫಾರ್ಮಿಕಾ ಫಸ್ಕ ಗೂಡಿನಲ್ಲಿ ಇಬ್ಬರು ರಾಣಿಯರಿದ್ದರು. ಅಂದಿನ ವಿದ್ವಾಂಸರು ಇರುವೆಯ ಆಯುಷ್ಯ ಒಂದು ವರ್ಷವೆಂದು ಎಣಿಸುತ್ತಿದ್ದರು. ಈ ರಾಣಿಯರಲ್ಲಿ ಒಬ್ಬಳು 1887ರಲ್ಲಿ, ಇನ್ನೊಬ್ಬಳು 1888ರ ಆಗಸ್ಟ್‌ನಲ್ಲಿ ಸತ್ತರು. ತಂದಾಗಲೇ ಪ್ರೌಢಳಾಗಿದ್ದ ಎರಡನೆಯವಳಿಗೆ ಸಾಯುವಾಗ ಸುಮಾರು ಹದಿನೈದು ವರ್ಷ. ಅಷ್ಟು ಕಾಲ ಬ್ಯಾಂಕು, ಸಂಸತ್ತುಗಳ ಕೆಲಸದ ನಡುವೆಯೂ ಗೂಡಿನ ತೇವ ಆರದಂತೆ ನೋಡಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ.

1882ರಲ್ಲಿ ಪ್ರಕಟವಾದ ಇರುವೆ, ಜೇನ್ನೊಣ ಮತ್ತು ಕಣಜಗಳ ಕುರಿತ ಪುಸ್ತಕ ಅನೇಕ ಮುದ್ರಣಗಳನ್ನು ಕಂಡಿತು. ಮನುಷ್ಯನ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಇರುವೆಗಳು ಗ್ರಹಿಸುತ್ತವೆ ಎಂಬುದನ್ನೂ ಈತನೇ ತೋರಿಸಿದ.

ಕೊನೆಯ ದಿನಗಳು

1900ರಲ್ಲಿ ಬ್ಯಾರನ್ ಪದವಿ ದೊರೆತಾಗ ಲಬಕ್ ಆರಿಸಿಕೊಂಡ ಹೆಸರು ಏವ್‌ಬರಿ. ಮನೆ ಕಟ್ಟುವವರ ಪಾಲಾಗದಂತೆ ಹಿಂದೆ ತಾನೇ ನೆಲವನ್ನು ಕೊಂಡು ಉಳಿಸಿದ್ದ ಪ್ರಾಚೀನ ಶಿಲಾವೃತ್ತದ ಊರು ಅದು. 1913ರಲ್ಲಿ ಕೆಂಟ್‌ನ ಕಿಂಗ್ಸ್‌ಗೇಟ್ ಕೋಟೆಯಲ್ಲಿ ನಿಧನನಾದ.