ಸಾವಿರ ಹಡಗುಗಳ ಅನುಭವಕ್ಕೆ ಒಂದು ನಕ್ಷೆ

ಪ್ರತಿ ವರ್ಷ ಫೈನಲ್ ಇಯರ್‌ನವರು ಹೋಗುವಾಗ ಪ್ರಾಜೆಕ್ಟ್ ರಿಪೋರ್ಟನ್ನು ಬೈಂಡ್ ಮಾಡಿಸಿ ಡಿಪಾರ್ಟ್‌ಮೆಂಟಿಗೆ ಕೊಟ್ಟು ಹೋಗ್ತಾರೆ. ಅದು ಬೀರು ಸೇರುತ್ತದೆ. ಮುಂದಿನ ವರ್ಷ ನಾವು ಅದೇ ತಪ್ಪುಗಳನ್ನು ಮೊದಲಿಂದ ಮಾಡಿ ಕಲಿಯುತ್ತೇವೆ. ಒಬ್ಬರ ಅನುಭವ ಇನ್ನೊಬ್ಬರ ಕೈಗೆ ಸಿಗುವ ಹಾಗೆ ಮಾಡೋದಕ್ಕೆ ಈಗ ನಾಲೆಡ್ಜ್ ಮ್ಯಾನೇಜ್‌ಮೆಂಟ್ ಅಂತ ದೊಡ್ಡ ಹೆಸರಿದೆ, ಅದಕ್ಕಾಗಿಯೇ ಸಾಫ್ಟ್‌ವೇರ್‌ಗಳಿವೆ. ಆದರೆ ಕಂಪ್ಯೂಟರ್ ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ, ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದಿದ್ದ ಹಡಗುಗಳ ನಡುವೆ ಬರೀ ಕಾಗದದಲ್ಲೇ ಇಂಥದ್ದೊಂದು ವ್ಯವಸ್ಥೆ ಕಟ್ಟಿದವನು ಮ್ಯಾಥ್ಯೂ ಫಾಂಟೇನ್ ಮೌರಿ. ಈ ಸಂಚಿಕೆಯಲ್ಲಿ ಅವನ ಕಥೆ.

ಮೌರಿ ಹುಟ್ಟಿದ್ದು 1806ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ಬೆಳೆದದ್ದು ಟೆನೆಸಿಯಲ್ಲಿ. ನೌಕಾಪಡೆಯಲ್ಲಿದ್ದ ಅವನ ಅಣ್ಣ ಹಳದಿ ಜ್ವರ ಬಂದು ತೀರಿಕೊಂಡಿದ್ದ. ಇನ್ನೊಬ್ಬ ಮಗನೂ ಹಡಗು ಹತ್ತುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ 1825ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಮೌರಿ ನೌಕಾಪಡೆ ಸೇರಿಯೇಬಿಟ್ಟ. ವಿನ್ಸೆನ್ಸ್ ಅನ್ನೋ ಹಡಗಿನಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದ. 1831ರಲ್ಲಿ ಫಾಲ್ಮತ್ ಹಡಗಿಗೆ ದಾರಿ ತೋರಿಸುವ ಜವಾಬ್ದಾರಿ ಅವನ ಮೇಲೆ ಬಿತ್ತು. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಕೇಪ್ ಹಾರ್ನ್ ಸುತ್ತಿ ಹೋಗಬೇಕಿತ್ತು. ಅಲ್ಲಿಯ ಗಾಳಿ ಹೇಗೆ, ಪ್ರವಾಹ ಯಾವ ಕಡೆಗೆ ಅಂತ ಎಲ್ಲಿ ಹುಡುಕಿದರೂ ಸರಿಯಾದ ಮಾಹಿತಿ ಸಿಗಲಿಲ್ಲ. ಎಷ್ಟೋ ಹಡಗುಗಳು ಆ ದಾರಿಯಲ್ಲಿ ಓಡಾಡಿದ್ದವು. ಆದರೆ ಗೊತ್ತಿದ್ದದ್ದೆಲ್ಲ ಆಯಾ ಕ್ಯಾಪ್ಟನ್ನರ ತಲೆಯಲ್ಲೇ ಇತ್ತು.

1839ರಲ್ಲಿ ಒಹಾಯೊದಲ್ಲಿ ಅವನು ಹೋಗುತ್ತಿದ್ದ ಕುದುರೆ ಗಾಡಿ ಮಗುಚಿ ಬಲಗಾಲು ಮುರಿಯಿತು. ಕಾಲು ಮೊದಲಿನಂತಾಗಲೇ ಇಲ್ಲ, ಹಡಗಿನ ಕೆಲಸ ಅಲ್ಲಿಗೆ ಮುಗಿಯಿತು. 1842ರಲ್ಲಿ ವಾಷಿಂಗ್ಟನ್‌ನಲ್ಲಿ ನೌಕಾಪಡೆಯ ನಕ್ಷೆ ಮತ್ತು ಉಪಕರಣಗಳ ಉಗ್ರಾಣದ ಮುಖ್ಯಸ್ಥನಾಗಿ ಅವನನ್ನು ಕೂರಿಸಿದರು. ಸಮುದ್ರದ ಮನುಷ್ಯನಿಗೆ ಮೇಜು, ಕುರ್ಚಿ, ಧೂಳು!

ಆದರೆ ಅದೇ ಉಗ್ರಾಣದಲ್ಲಿ ಹಳೆಯ ಹಡಗುಗಳ ಲಾಗ್ ಪುಸ್ತಕಗಳು ರಾಶಿ ಬಿದ್ದಿದ್ದವು. ಹಡಗು ಇವತ್ತು ಎಲ್ಲಿದೆ, ಗಾಳಿ ಎತ್ತಲಿಂದ ಬೀಸುತ್ತಿದೆ ಅಂತ ದಿನವೂ ಬರೆದಿಟ್ಟ ದಿನಚರಿಗಳವು. ಯಾನ ಮುಗಿದ ಮೇಲೆ ಅವನ್ನು ಕೇಳುವವರೇ ಇರಲಿಲ್ಲ. ಮೌರಿ ಮತ್ತು ಅವನ ಕೈಕೆಳಗಿನ ಅಧಿಕಾರಿಗಳು ಒಂದೊಂದನ್ನೇ ಬಿಚ್ಚಿ ಓದಿದರು. ಸಮುದ್ರವನ್ನು 5 ಡಿಗ್ರಿ ಅಗಲ, 5 ಡಿಗ್ರಿ ಉದ್ದದ ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕದಲ್ಲಿ ತಿಂಗಳು ತಿಂಗಳಿಗೂ ಗಾಳಿ 16 ದಿಕ್ಕುಗಳಲ್ಲಿ ಯಾವುದರಿಂದ ಎಷ್ಟು ಸಲ ಬೀಸಿದೆ ಅಂತ ಎಣಿಸಿ ಗುರುತು ಹಾಕಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೊಂದು ಡೇಟಾಬೇಸ್. 1847ರಲ್ಲಿ ಉತ್ತರ ಅಟ್ಲಾಂಟಿಕ್‌ನ ಗಾಳಿ ಮತ್ತು ಪ್ರವಾಹದ ಮೊದಲ ನಕ್ಷೆ ಹೊರಬಂತು.

ಹಳೆಯ ಪುಸ್ತಕಗಳಷ್ಟೇ ಸಾಲುತ್ತಿರಲಿಲ್ಲ, ಹೊಸ ಮಾಹಿತಿ ವ್ಯಾಪಾರಿ ಹಡಗುಗಳಿಂದ ಬರಬೇಕಿತ್ತು. ಕ್ಯಾಪ್ಟನ್ನರು ಯಾಕೆ ಕೊಡ್ತಾರೆ? ಬೇಗ ತಲುಪಿದವನ ಸರಕಿಗೆ ಒಳ್ಳೆ ಬೆಲೆ, ದಾರಿಯ ಗುಟ್ಟೇ ಅವರ ಬಂಡವಾಳ. ಮೌರಿ ಒಂದು ಸರಳ ಒಪ್ಪಂದ ಮುಂದಿಟ್ಟ. ತಾನು ಕೊಟ್ಟ ಫಾರಂನಲ್ಲಿ ಯಾನದ ವಿವರ ತುಂಬಿ ಕಳಿಸಿದವರಿಗೆ ನಕ್ಷೆಗಳು, ಮಾರ್ಗಸೂಚಿ ಎಲ್ಲ ಪುಕ್ಕಟೆ. ಮೊದಮೊದಲು ಹೆಚ್ಚಿನವರು ನಂಬಲಿಲ್ಲ. 1848ರಲ್ಲಿ ಡಬ್ಲ್ಯು.ಎಚ್.ಡಿ.ಸಿ. ರೈಟ್ ಅನ್ನೋ ಹಡಗಿನ ಕ್ಯಾಪ್ಟನ್ ಜಾಕ್ಸನ್ ಈ ನಕ್ಷೆ ನಂಬಿ ಬಾಲ್ಟಿಮೋರ್‌ನಿಂದ ಹೊರಟ. ಸುಮಾರು 55 ದಿನ ಹಿಡಿಯುತ್ತಿದ್ದ ರಿಯೊ ಡಿ ಜನೈರೊ 38 ದಿನಕ್ಕೇ ಬಂತು. ಆಮೇಲೆ ಕೇಳಬೇಕೆ, ಕ್ಯಾಪ್ಟನ್ನರು ತಾವಾಗಿಯೇ ಫಾರಂ ಕೇಳತೊಡಗಿದರು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸಮಯವದು. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆರು ತಿಂಗಳ ದಾರಿ ಅವನ ನಕ್ಷೆ ಹಿಡಿದವರಿಗೆ ಸುಮಾರು ನಾಲ್ಕೂವರೆ ತಿಂಗಳಿಗೆ ಇಳಿಯಿತು. 1851ರಲ್ಲಿ ಫ್ಲೈಯಿಂಗ್ ಕ್ಲೌಡ್ ಹಡಗು 89 ದಿನಗಳಲ್ಲೇ ಆ ದೂರ ಕ್ರಮಿಸಿತು. ಅದಕ್ಕೆ ದಾರಿ ಲೆಕ್ಕ ಹಾಕಿದವಳು ಕ್ಯಾಪ್ಟನ್ನನ ಹೆಂಡತಿ ಎಲಿನರ್ ಕ್ರೀಸಿ, ಮೌರಿಯ ಬರಹಗಳನ್ನು ಬಲ್ಲವಳು.

ಒಂದು ದೇಶದ ಹಡಗುಗಳಿಂದ ಎಲ್ಲ ಸಮುದ್ರಗಳೂ ತುಂಬುವುದಿಲ್ಲ. ಒಂದೊಂದು ದೇಶ ಒಂದೊಂದು ರೀತಿ ಬರೆದರೆ ಕೂಡಿಸೋದಕ್ಕೂ ಆಗೋಲ್ಲ. 1853ರಲ್ಲಿ ಮೌರಿಯ ಪ್ರಯತ್ನದಿಂದ ಬ್ರಸೆಲ್ಸ್‌ನಲ್ಲಿ ಹತ್ತು ದೇಶಗಳು ಸೇರಿದವು. ಎಲ್ಲರೂ ಒಂದೇ ನಮೂನೆಯಲ್ಲಿ ಲಾಗ್ ಬರೆಯೋದು ಅಂತ ತೀರ್ಮಾನವಾಯಿತು. ಯುದ್ಧ ಬಂದರೂ ಈ ದಾಖಲೆಗಳಿಗೆ ಕೈ ಹಚ್ಚಬಾರದು ಅನ್ನೋ ಸಲಹೆಯೂ ಅಲ್ಲೇ ಬಂತು.

ಮೌರಿಯನ್ನು ದೇವರು ಮಾಡಲು ನಾವು ಹೊರಟಿಲ್ಲ. ಅಂಕಿ ಕೂಡಿಸುವುದರಲ್ಲಿ ಗಟ್ಟಿಗನಾದ ಅವನು ಸಿದ್ಧಾಂತದಲ್ಲಿ ಎಡವಿದ್ದುಂಟು. ಉತ್ತರ ಧ್ರುವದ ಸುತ್ತ ಹಿಮವಿಲ್ಲದ ಸಮುದ್ರವಿದೆ ಅಂತ ನಂಬಿದ್ದ, ಅದು ಸುಳ್ಳಾಯಿತು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಮೆರಿಕದ ದಕ್ಷಿಣದ ಜಮೀನ್ದಾರರು ತಮ್ಮ ಗುಲಾಮರ ಸಮೇತ ಅಮೆಜಾನ್ ಕಣಿವೆಗೆ ಹೋಗಿ ನೆಲೆಸಲಿ ಅನ್ನೋ ಯೋಜನೆಯನ್ನೂ ಬೆಂಬಲಿಸಿದ್ದವನು ಅವನು. ಹತ್ತು ದೇಶಗಳನ್ನು ಒಂದು ಮೇಜಿಗೆ ತಂದವನಿಗೆ ಮನುಷ್ಯರನ್ನು ಕೊಂಡು ಮಾರುವುದು ಅಷ್ಟೊಂದು ತಪ್ಪಾಗಿ ಕಾಣಲಿಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಕಚೇರಿ ಬಿಟ್ಟು ದಕ್ಷಿಣದ ಪಕ್ಷ ಸೇರಿದ. ಹಡಗುಗಳು ಸುಖವಾಗಿ ದಡ ಸೇರಲಿ ಅಂತ ಇಪ್ಪತ್ತು ವರ್ಷ ದುಡಿದವನು ಹಡಗು ಒಡೆಯುವ ವಿದ್ಯುತ್ ಸಿಡಿಗುಂಡುಗಳನ್ನು ತಯಾರಿಸಿದ.

ಸೋತ ಮೇಲೆ ಮೆಕ್ಸಿಕೊ, ಇಂಗ್ಲೆಂಡ್ ಅಂತ ಅಲೆದು, 1868ರಲ್ಲಿ ವರ್ಜೀನಿಯಾಕ್ಕೆ ಮರಳಿ ಮಿಲಿಟರಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟರಾದ. 1873ರ ಫೆಬ್ರವರಿ 1ರಂದು ತೀರಿಕೊಂಡ.

ಅವನು ಎದ್ದು ಹೋದ ಕುರ್ಚಿಗೆ ಬಂದವನ ಒಲವು ಖಗೋಳದ ಕಡೆಗಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಬ್ರಸೆಲ್ಸ್ ಸಭೆಯ ಮರುವರ್ಷ, 1854ರಲ್ಲೇ, ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಹವಾಮಾನ ಇಲಾಖೆಗಳು ಹುಟ್ಟಿದ್ದವು. ಅಲ್ಲಿ ಅದೇ ಬಗೆಯ ಫಾರಂಗಳು ತುಂಬುತ್ತಲೇ ಇದ್ದವು. ಮೌರಿ ಕೂಡಿಸಿದ ಲಾಗ್‌ಗಳು ಇಂದು ಕಂಪ್ಯೂಟರಿಗೂ ಏರಿವೆ, ಹವಾಮಾನ ಬದಲಾವಣೆ ಅಳೆಯುವವರು ಅವನ್ನು ಬಳಸುತ್ತಾರೆ. ಕಟ್ಟಿದವನು ಪಕ್ಷ ಬದಲಿಸಿದರೂ ವ್ಯವಸ್ಥೆ ಉಳಿಯಿತು, ಏಕೆಂದರೆ ಅದು ಅವನೊಬ್ಬನ ಕೈಯಲ್ಲಿ ಇರಲಿಲ್ಲ.

ಬೀರುವಿನಲ್ಲಿರುವ ನಮ್ಮ ರಿಪೋರ್ಟುಗಳಿಗೂ ಒಂದೇ ಪುಟದ ಫಾರಂ ಸಾಕು ಅನ್ನಿಸುತ್ತದೆ: ಏನು ಮಾಡಿದಿರಿ, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದಿರಿ. ತುಂಬಿ ಕೊಟ್ಟವರಿಗೆ ಹಿಂದಿನ ವರ್ಷಗಳದ್ದೆಲ್ಲ ಪುಕ್ಕಟೆ. ಮೊದಲ ಫಾರಂ ನಾವೇ ತುಂಬೋಣವಾ?